ದತ್ತಣ್ಣನ ಸಿನಿಮಾಗಳನ್ನು ದುರ್ಗದಲ್ಲಿ ತೋರಿಸಿ: ಒಂದು ಬಹಿರಂಗ ಪತ್ರ

ಚಿತ್ರದುರ್ಗದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರಿಗೆ, ಜೊತೆಗೆ ಈ ಊರಿನ ಎಲ್ಲ ಸಿನಿಮಾ ಹುಚ್ಚರಿಗೆ,

ನಮಸ್ಕಾರ.

ಕೇಳುವುದು ಒಂದೇ. ತ.ರಾ.ಸು. ರಂಗಮಂದಿರವನ್ನು ಮೂರು ದಿನ ಬಿಟ್ಟುಕೊಡಿ. ಅಲ್ಲಿ ಎಚ್.ಜಿ. ದತ್ತಾತ್ರೇಯ ಅವರ ಸಿನಿಮಾಗಳನ್ನು ತೋರಿಸೋಣ. ಅವರನ್ನೂ ಕರೆಸೋಣ. ಅವರು ನಮ್ಮ ಜೊತೆ ಕೂತಿರುವಾಗಲೇ ನೋಡೋಣ.

ಎಚ್.ಜಿ. ದತ್ತಾತ್ರೇಯ ಅಂದರೆ ಯಾರು ಅಂತ ಕೆಲವರು ಕೇಳಬಹುದು. ದತ್ತಣ್ಣ ಅಂದರೆ ಇನ್ನೂ ಸ್ವಲ್ಪ ಜನಕ್ಕೆ ಗೊತ್ತಾಗುತ್ತದೆ. ಅದಕ್ಕೂ ನೆನಪಾಗದವರಿಗೆ ಒಂದು ಫೋಟೊ ತೋರಿಸಿ ನೋಡಿ. 'ಅಯ್ಯೋ, ಇವರಾ! ಇವರನ್ನ ನೋಡೇ ಇರ್ತೀವಲ್ಲ' ಅನ್ನುತ್ತಾರೆ. ಎಲ್ಲಿ ನೋಡಿದ್ದು ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಪೋಷಕ ನಟರ ಹಣೆಬರಹವೇ ಇದು. ಮುಖ ಮನೆಮನೆಗೂ ಗೊತ್ತು, ಹೆಸರು ಗೊತ್ತಿಲ್ಲ. ಬೇರೆ ಊರಿನವರು ಹೀಗೆ ಅಂದರೆ ನನಗೆ ಬೇಜಾರಿಲ್ಲ. ಆದರೆ ದತ್ತಣ್ಣ ಹುಟ್ಟಿದ್ದು ಇಲ್ಲೇ, ಚಿತ್ರದುರ್ಗದಲ್ಲಿ, 1942ರ ಏಪ್ರಿಲ್ 20ರಂದು. ಅವರ ಹೆಸರಿನ ಮೊದಲ ಅಕ್ಷರ ಹರಿಹರದ್ದು. ಹರಿಹರ ಗುಂಡೂರಾವ್ ದತ್ತಾತ್ರೇಯ. ಹಾಗಾಗಿ ದಾವಣಗೆರೆಯವರೂ ಪಾಲು ಕೇಳಬಹುದು. ಕೇಳಲಿ, ಒಳ್ಳೆಯದೇ.

ನಮ್ಮೂರಿಗೆ ಸಿನಿಮಾ ಅಂದರೆ 1972ರ 'ನಾಗರಹಾವು'. ತಪ್ಪೇನಿಲ್ಲ. ತ.ರಾ.ಸು. ಅವರ ಕಥೆ, ಪುಟ್ಟಣ್ಣ ಕಣಗಾಲ್ ಅವರ ಕಣ್ಣು, ನಮ್ಮ ಕೋಟೆ. ಇವತ್ತಿಗೂ ಪ್ರವಾಸಿಗರು ಓಬವ್ವನ ಕಿಂಡಿ ನೋಡಿದ ಮೇಲೆ ರಾಮಾಚಾರಿ ಯಾವ ಬಂಡೆ ಮೇಲೆ ನಿಂತಿದ್ದ ಅಂತ ಕೇಳುತ್ತಾರೆ. ಆದರೆ ಸ್ವಲ್ಪ ಯೋಚನೆ ಮಾಡಿ. ರಾಮಾಚಾರಿಯಾದ ವಿಷ್ಣುವರ್ಧನ್ ಮೈಸೂರಿನವರು. ಜಲೀಲನಾದ ಅಂಬರೀಶ್ ಮಂಡ್ಯ ಕಡೆಯವರು. ಚಾಮಯ್ಯ ಮೇಷ್ಟ್ರಾದ ಕೆ.ಎಸ್. ಅಶ್ವತ್ಥ್ ಕೂಡ ಮೈಸೂರಿನವರೇ. ಬಂಡೆ ಮಾತ್ರ ನಮ್ಮದು! ಆ ಸಿನಿಮಾ ಬಂದಾಗ ದುರ್ಗದ ಹುಡುಗ ದತ್ತಾತ್ರೇಯನಿಗೆ 30 ವರ್ಷ. ಅವರು ಭಾರತೀಯ ವಾಯುಪಡೆಯ ಯೂನಿಫಾರ್ಮಿನಲ್ಲಿದ್ದರು.

ಅಶ್ವತ್ಥ್ ಅವರ ಮಾತು ಬಂದಿದ್ದು ಒಳ್ಳೆಯದಾಯಿತು. ಪೋಷಕ ಪಾತ್ರಕ್ಕೆ ಎಷ್ಟು ತೂಕ ಇರುತ್ತದೆ ಅಂತ ದುರ್ಗದವರಿಗೆ ಯಾರೂ ಪಾಠ ಮಾಡಬೇಕಿಲ್ಲ. ಚಾಮಯ್ಯ ಮೇಷ್ಟ್ರನ್ನು ತೆಗೆದುಬಿಡಿ, ರಾಮಾಚಾರಿ ಸುಮ್ನೆ ಒಬ್ಬ ಸಿಟ್ಟಿನ ಹುಡುಗ ಅಷ್ಟೇ. ಮೇಷ್ಟ್ರ ಮೇಲೆ ಅವನಿಗಿರುವ ಪ್ರೀತಿ, ಅದರಿಂದಲೇ ಅವನಿಗಾಗುವ ಅನ್ಯಾಯ, ಇಡೀ ಕಥೆ ನಿಂತಿರುವುದು ಇದರ ಮೇಲೆ. ಅಶ್ವತ್ಥ್ ಅವರಿಗೆ ಆ ಪಾತ್ರಕ್ಕೆ ರಾಜ್ಯ ಪ್ರಶಸ್ತಿ ಬಂತು. ಅವರು 2010ರಲ್ಲಿ ತೀರಿಕೊಂಡಾಗ ದುರ್ಗದಲ್ಲಿ ತುಂಬಾ ಜನ 'ನಮ್ಮ ಮೇಷ್ಟ್ರು ಹೋದರು' ಅಂದಿದ್ದರು. ಮೈಸೂರಿನ ಒಬ್ಬ ನಟನನ್ನು ನಮ್ಮವರು ಅಂತ ಅಂದುಕೊಳ್ಳುವಷ್ಟು ದೊಡ್ಡ ಮನಸ್ಸು ನಮಗಿದೆ. ನಮ್ಮವರನ್ನೇ ನಮ್ಮವರು ಅನ್ನುವುದಕ್ಕೆ ಯಾಕೆ ಇಷ್ಟು ತಡ?

ದತ್ತಣ್ಣನ ಬದುಕನ್ನು ಸ್ವಲ್ಪ ಹೇಳಿಬಿಡುತ್ತೇನೆ, ಹೊಸ ಹುಡುಗರಿಗೆ ಉಪಯೋಗ ಆಗಬಹುದು. ಓದಿದ್ದು ಇಂಜಿನಿಯರಿಂಗ್. ಸೇರಿದ್ದು ವಾಯುಪಡೆ. ಅಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿ ವಿಂಗ್ ಕಮಾಂಡರ್ ಆಗಿ ಹೊರಗೆ ಬಂದರು. ಆಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿದ್ದರು. ನಾಟಕದ ಹುಚ್ಚು ಮೊದಲಿನಿಂದಲೂ ಇತ್ತು. ಆದರೆ ಸಿನಿಮಾಕ್ಕೆ ಬಂದಾಗ ವಯಸ್ಸು ಸುಮಾರು 45. ಬೇರೆಯವರು ರಿಟೈರ್ಮೆಂಟ್ ಲೆಕ್ಕ ಹಾಕುವ ವಯಸ್ಸಿನಲ್ಲಿ ಇವರು ಕ್ಯಾಮೆರಾ ಮುಂದೆ ಬಂದರು. ಅಂದರೆ ದತ್ತಣ್ಣ ಪರದೆ ಮೇಲೆ ಯುವಕನಾಗಿ ಕಾಣಿಸಿಕೊಳ್ಳಲೇ ಇಲ್ಲ. ಬರುವಾಗಲೇ ಅಪ್ಪ, ದೊಡ್ಡಪ್ಪ, ಮೇಷ್ಟ್ರು, ಊರ ಹಿರಿಯ. ಮರ ಸುತ್ತುವ ಹಾಡು ಅವರ ಪಾಲಿಗೆ ಬರಲೇ ಇಲ್ಲ ಪಾಪ.

ಅವರ ಅಣ್ಣ ಎಚ್.ಜಿ. ಸೋಮಶೇಖರ ರಾವ್, ಎಲ್ಲರ ಬಾಯಲ್ಲಿ ಸೋಮಣ್ಣ. ಬ್ಯಾಂಕ್ ಅಧಿಕಾರಿಯಾಗಿದ್ದವರು. ಅವರೂ ನಟ, ಜೊತೆಗೆ ಬರಹಗಾರರು. ಒಂದೇ ಮನೆಯ ಇಬ್ಬರು, ಇಬ್ಬರೂ ದೊಡ್ಡ ನೌಕರಿಯಲ್ಲಿದ್ದವರು, ಇಬ್ಬರೂ ಕನ್ನಡದ ಒಳ್ಳೆಯ ಪೋಷಕ ನಟರಾದರು. ಇಂಥ ಜೋಡಿ ಬೇರೆ ಯಾವ ಊರಿಗೆ ಸಿಕ್ಕಿದ್ದರೂ ಒಂದು ರಸ್ತೆಗಾದರೂ ಹೆಸರಿಡುತ್ತಿದ್ದರು. ಸೋಮಣ್ಣ 2020ರ ನವೆಂಬರ್ 3ರಂದು ತೀರಿಕೊಂಡರು. ಹಳೆಯ ದುರ್ಗದ ಬಗ್ಗೆ ಅವರನ್ನು ಕೂರಿಸಿ ಮಾತಾಡಿಸಿ, ರೆಕಾರ್ಡ್ ಮಾಡಿಟ್ಟುಕೊಳ್ಳುವ ಅವಕಾಶ ಅಲ್ಲಿಗೆ ಮುಗಿಯಿತು. ತಮ್ಮನಿಗೂ ಈಗ ಎಂಬತ್ತು ದಾಟಿದೆ. ಈ ಪತ್ರದ ಅವಸರ ನಿಮಗೆ ಅರ್ಥವಾಗಿರಬೇಕು.

ನನ್ನ ತಲೆಮಾರಿನವರಿಗೆ ದತ್ತಣ್ಣ ಸಿಕ್ಕಿದ್ದು ಟೀವಿಯಲ್ಲಿ. 1990ರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' ಬರುತ್ತಿತ್ತಲ್ಲ, ಆ ಹೊತ್ತಿಗೆ ಮನೆಯಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ. ಆ ಧಾರಾವಾಹಿಯ ದೊಡ್ಡ ಗುಂಪಿನಲ್ಲಿ ದತ್ತಣ್ಣನೂ ಒಬ್ಬರು. ಆಗಿನ ಧಾರಾವಾಹಿಯಲ್ಲಿ ಹಿರಿಯರ ಪಾತ್ರಕ್ಕೆ ಕೆಲಸ ಇರುತ್ತಿತ್ತು. ಈಗ ಹಾಗಿಲ್ಲ ಅಂತ ನನಗನ್ನಿಸುತ್ತದೆ. ಸೊಸೆಗೆ ಏನೋ ಆಗುತ್ತದೆ, ಕ್ಯಾಮೆರಾ ಸೋಫಾದ ಮೇಲೆ ಕೂತ ಮಾವನ ಮುಖಕ್ಕೆ ಮೂರು ಸಲ ಜೂಮ್ ಆಗುತ್ತದೆ, ಗುಡುಗಿನ ಸದ್ದು ಬರುತ್ತದೆ. ಒಂದು ಮಾತಿಲ್ಲದೆ ಎಪಿಸೋಡು ಮುಗಿಯುತ್ತದೆ. ಆ ರಿಯಾಕ್ಷನ್ ಶಾಟಿಗೆ ಕರೆಸಿದ ಮಾವ ಎಷ್ಟು ನಾಟಕ ಮಾಡಿ ಬಂದವರೋ, ಎಂಥ ಧ್ವನಿ ಇರುವವರೋ, ಯಾರಿಗೆ ಬೇಕು? ಇರಲಿ, ಇದು ಬೇರೆ ಪತ್ರಕ್ಕಾಗುವಷ್ಟಿದೆ.

ಸಿನಿಮಾದಲ್ಲಿ ದತ್ತಣ್ಣನ ಪುಣ್ಯ ದೊಡ್ಡದು. ಅವರಿಗೆ ಒಳ್ಳೆಯ ನಿರ್ದೇಶಕರು ಸಿಕ್ಕಿದರು. ಮುಖ್ಯವಾಗಿ ಪಿ. ಶೇಷಾದ್ರಿ. ಈ ನಿರ್ದೇಶಕರ ಒಂದಾದ ಮೇಲೊಂದು ಸಿನಿಮಾಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಅವುಗಳಲ್ಲಿ ಹಲವು ದತ್ತಣ್ಣನ ಸಿನಿಮಾಗಳು. 2000ದಲ್ಲಿ 'ಮುನ್ನುಡಿ'. ಬೊಳುವಾರು ಮಹಮ್ಮದ್ ಕುಂಞಿ ಅವರ ಕಥೆ. ಕರಾವಳಿಯ ಮುಸ್ಲಿಂ ಹೆಣ್ಣುಮಕ್ಕಳ ಮದುವೆ, ತಲಾಖ್ ಸುತ್ತ ಹೆಣೆದದ್ದು. ತಾರಾ ಅದರ ನಾಯಕಿ. ದುರ್ಗದ ಬಿಸಿಲಲ್ಲಿ ಬೆಳೆದ ದತ್ತಣ್ಣ ಅಲ್ಲಿ ಕಡಲ ತೀರದವರಾದರು. ಮುಂದೆ 'ಅತಿಥಿ', 'ಬೇರು'. ಈ ನಡುವೆ ಲಿಂಗದೇವರು ಅವರ 'ಮೌನಿ'. ಅನಂತಮೂರ್ತಿ ಅವರ ಕಥೆ ಅದು. ಅದರಲ್ಲಿ ಇನ್ನೊಂದು ಕಡೆ ಇದ್ದವರು ಅನಂತ್ ನಾಗ್. ಅನಂತ್ ನಾಗ್ ಎದುರು ನಿಂತು ಒಂದಿಂಚೂ ಕಮ್ಮಿ ಅನ್ನಿಸದೆ ಇರುವುದು ಸಣ್ಣ ಮಾತಲ್ಲ.

'ಬೆಟ್ಟದ ಜೀವ'ದ ಬಗ್ಗೆ ಮಾತ್ರ ನಾನು ಸ್ವಲ್ಪ ಜಾಸ್ತಿ ಹೇಳಲೇಬೇಕು. ಶಿವರಾಮ ಕಾರಂತರ ಕಾದಂಬರಿ ಓದಿದವರಿಗೆ ಗೋಪಾಲಯ್ಯನ ಮುಖ ತಲೆಯಲ್ಲಿ ಇದ್ದೇ ಇರುತ್ತದೆ. ಸುಬ್ರಹ್ಮಣ್ಯದ ಕಾಡಿನ ಮಧ್ಯೆ ತೋಟ ಮಾಡಿಕೊಂಡಿರುವ ಮುದುಕ. ಬಾಯಿ ಜೋರು. ದಾರಿ ತಪ್ಪಿ ಬಂದವನಿಗೂ ಹೊಟ್ಟೆ ತುಂಬ ಊಟ ಹಾಕಿ, ಎದ್ದು ಹೋಗಲು ಬಿಡದೆ ಮಾತಾಡಿಸುವವನು. ಮಗ ಮನೆ ಬಿಟ್ಟು ಹೋಗಿದ್ದಾನೆ. ಆ ಸಂಕಟವನ್ನು ಹೆಂಡತಿ ಶಂಕರಮ್ಮನ ಎದುರು ತೋರಿಸುವ ಹಾಗಿಲ್ಲ. ಅದಕ್ಕೇ ಅಷ್ಟು ಮಾತು, ಅಷ್ಟು ನಗು. ಇಂಥ ಪಾತ್ರವನ್ನು ಅತ್ತು ಮಾಡುವುದು ಸುಲಭ. ನಗುತ್ತಾ ಮಾಡಬೇಕು, ಆದರೆ ನೋಡುವವನಿಗೆ ನಗುವಿನ ಹಿಂದೆ ಇರುವುದು ಕಾಣಬೇಕು. ದತ್ತಣ್ಣ ಅದನ್ನು ಮಾಡಿದ್ದಾರೆ. ಶಂಕರಮ್ಮನಾಗಿ ರಾಮೇಶ್ವರಿ ವರ್ಮಾ ಇದ್ದರು. ಆ ಇಬ್ಬರು ಒಟ್ಟಿಗೆ ಇದ್ದಾಗ ನಟನೆ ಅನ್ನುವುದೇ ಮರೆತುಹೋಗುತ್ತದೆ. ಆಗ ದತ್ತಣ್ಣನಿಗೂ ಎಪ್ಪತ್ತರ ಹತ್ತಿರ. ನನ್ನ ಪ್ರಕಾರ ಅವರು ಮಾಡಿದ್ದರಲ್ಲೇ ದೊಡ್ಡ ಪಾತ್ರ ಇದು. ಯಾರಾದರೂ ಒಪ್ಪದಿದ್ದರೆ ಸಂತೋಷ, ರಂಗಮಂದಿರದ ಮೆಟ್ಟಿಲ ಮೇಲೆ ಕೂತು ಜಗಳ ಆಡೋಣ.

ಅದರ ಮರುವರ್ಷವೇ 'ಭಾರತ್ ಸ್ಟೋರ್ಸ್' ಬಂತು. 2012ರ ಅತ್ಯುತ್ತಮ ಕನ್ನಡ ಸಿನಿಮಾ ಅಂತ ರಾಷ್ಟ್ರ ಪ್ರಶಸ್ತಿ ಪಡೆದದ್ದು. ಕಿರಾಣಿ ಅಂಗಡಿಯ ಗೋವಿಂದ ಶೆಟ್ಟರು, ದೊಡ್ಡ ದೊಡ್ಡ ಮಾಲ್‌ಗಳು ಬಂದು ಅಂಗಡಿ ಸೊರಗುವ ಕಥೆ. ಈ ಸಿನಿಮಾವನ್ನು ದುರ್ಗದ ಸಂತೆಪೇಟೆಯ ಅಂಗಡಿಯವರು ನೋಡಬೇಕು. ದಾವಣಗೆರೆಯ ಅಂಗಡಿ ಸಾಲಿನವರೂ ಬರಲಿ. ಗಲ್ಲಾಪೆಟ್ಟಿಗೆ ಹಿಂದೆ ಕೂತು ಗಿರಾಕಿಗೆ ಕಾಯುವುದು ಹೇಗಿರುತ್ತದೆ ಅಂತ ಅವರಿಗೆ ಯಾರೂ ಹೇಳಬೇಕಿಲ್ಲ. ಅದನ್ನು ಒಬ್ಬ ನಿವೃತ್ತ ವಿಂಗ್ ಕಮಾಂಡರ್ ಹೇಗೆ ಕಲಿತರು ಅನ್ನುವುದು ನನಗೆ ಇವತ್ತಿಗೂ ಆಶ್ಚರ್ಯ.

ಇಷ್ಟೆಲ್ಲ ಓದಿ 'ಓಹೋ, ಅವಾರ್ಡ್ ಸಿನಿಮಾ ನಟ' ಅಂತ ಪಕ್ಕಕ್ಕೆ ಇಡಬೇಡಿ. ಇದೇ ದತ್ತಣ್ಣ 2016ರಲ್ಲಿ 'ನೀರ್ ದೋಸೆ'ಯಲ್ಲಿ ಜಗ್ಗೇಶ್ ಪಕ್ಕ ನಿಂತು ಎಂಥೆಂಥ ಡೈಲಾಗ್ ಹೊಡೆದರು ಅಂತ ಹುಡುಗರಿಗೆ ಕೇಳಿ. ಅವರಿಗೆ ಆಗ 74. ಗೋಪಾಲಯ್ಯನ ಮೇಲೆ ಭಕ್ತಿ ಇಟ್ಟುಕೊಂಡಿದ್ದ ನಮ್ಮಂಥವರು ಥಿಯೇಟರಿನಲ್ಲಿ ಅಕ್ಕಪಕ್ಕ ಯಾರಿದ್ದಾರೆ ಅಂತ ನೋಡಿಕೊಂಡು ನಕ್ಕೆವು. 2019ರಲ್ಲಿ ಹಿಂದಿಗೆ ಹೋದರು. 'ಮಿಷನ್ ಮಂಗಲ್'ನಲ್ಲಿ ಇಸ್ರೋದ ವಯಸ್ಸಾದ ಇಂಜಿನಿಯರ್. ಸುತ್ತ ಅಕ್ಷಯ್ ಕುಮಾರ್, ವಿದ್ಯಾ ಬಾಲನ್ ಇದ್ದರೂ ದತ್ತಣ್ಣ ಬಂದಾಗಲೆಲ್ಲ ಕಣ್ಣು ಅಲ್ಲಿಗೇ ಹೋಗುತ್ತದೆ.

ಇಲ್ಲಿ ಒಂದು ಮಾತು. ನಮ್ಮ ಜಿಲ್ಲೆಯ ಚಳ್ಳಕೆರೆ ಹತ್ತಿರದ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ ಇಸ್ರೋದವರು 2023ರ ಏಪ್ರಿಲ್ 2ರಂದು ಮತ್ತೆ ಮತ್ತೆ ಬಳಸಬಹುದಾದ ತಮ್ಮ ರೆಕ್ಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು ರನ್‌ವೇ ಮೇಲೆ ಇಳಿಸಿದರು. ಅದನ್ನು ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಹೇಳುತ್ತೇವೆ. ಇದೇ ದುರ್ಗದಲ್ಲಿ ಹುಟ್ಟಿದ ಒಬ್ಬರು ವಿಮಾನಗಳ ನಡುವೆ ಅರ್ಧ ಜೀವನ ಕಳೆದು, ಆಮೇಲೆ ನಟರಾಗಿ ಇಸ್ರೋ ಇಂಜಿನಿಯರ್ ಪಾತ್ರ ಮಾಡಿದ್ದಾರೆ ಅಂತಲೂ ಹೇಳಬಹುದಲ್ವಾ? ಇಂಜಿನಿಯರಿಂಗ್ ಸೀಟಿಗೆ ಅಂತ ಕೋಚಿಂಗ್ ಸೆಂಟರುಗಳಲ್ಲಿ ಬೆಳಗಿನ ಜಾವ ಕೂರುವ ಮಕ್ಕಳಲ್ಲಿ ನಾಟಕದ ಆಸೆ ಇರುವವರೂ ಇರುತ್ತಾರೆ. ಎರಡರಲ್ಲಿ ಒಂದನ್ನು ಇವತ್ತೇ ಬಿಟ್ಟುಬಿಡು ಅಂತ ಮನೆಯಲ್ಲಿ ಒತ್ತಾಯ ಇರುತ್ತದೆ. ಅವರು ದತ್ತಣ್ಣನನ್ನು ಎದುರಿಗೆ ನೋಡಬೇಕು, ಮಾತಾಡಿಸಬೇಕು.

ಈಗ ನಿಮ್ಮ ಕಚೇರಿಯಲ್ಲಿ ಬರಬಹುದಾದ ಪ್ರಶ್ನೆಗಳಿಗೆ ಬರುತ್ತೇನೆ.

'ಒಂದು ಸನ್ಮಾನ ಇಟ್ಟುಕೊಂಡರೆ ಸಾಲದಾ?' ದಯವಿಟ್ಟು ಬೇಡ ಸಾರ್. ನಮ್ಮ ಸನ್ಮಾನಗಳು ಹೇಗಿರುತ್ತವೆ ಅಂತ ನಿಮಗೇ ಗೊತ್ತು. ವೇದಿಕೆ ಮೇಲೆ ಇಪ್ಪತ್ತು ಕುರ್ಚಿ. ಸ್ವಾಗತ ಭಾಷಣ ಮುಕ್ಕಾಲು ಗಂಟೆ. ಹಾರ, ಪೇಟ, ಶಾಲು, ಹಣ್ಣಿನ ಬುಟ್ಟಿ, ಫೋಟೊ. ನಟನಿಗೆ ಮೈಕ್ ಸಿಗುವಾಗ ಜನ ಅರ್ಧ ಎದ್ದು ಹೋಗಿರುತ್ತಾರೆ. 'ಸಮಯದ ಅಭಾವ' ಅಂತ ಒಂದು ಚೀಟಿ ಬರುತ್ತದೆ. ಇಂಥ ಕಾರ್ಯಕ್ರಮದಲ್ಲಿ ಅವರು ನಟಿಸಿದ ಒಂದು ನಿಮಿಷದ ದೃಶ್ಯವನ್ನೂ ಯಾರೂ ತೋರಿಸುವುದಿಲ್ಲ. ನಟನಿಗೆ ಮರ್ಯಾದೆ ಅಂದರೆ ಅವನ ಕೆಲಸ ನೋಡುವುದು. ಅದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತೇವೆ.

'ಯೂಟ್ಯೂಬಿನಲ್ಲಿ, ಒಟಿಟಿಯಲ್ಲಿ ಇರುತ್ತವಲ್ಲ?' ಕೆಲವು ಇರಬಹುದು. ಆದರೆ ಅಂಗೈ ಅಗಲದ ಫೋನಿನಲ್ಲಿ ಹೀರೋ ಕಾಣುತ್ತಾನೆ, ಪೋಷಕ ನಟ ಕಾಣುವುದಿಲ್ಲ. ದತ್ತಣ್ಣ ಹುಬ್ಬು ಹಾರಿಸಿ ನಟಿಸುವವರಲ್ಲ. ಎದುರಿನವರು ಮಾತಾಡುವಾಗ ಅವರು ಹೇಗೆ ಕೇಳಿಸಿಕೊಳ್ಳುತ್ತಾರೆ ನೋಡಿ. ಅರ್ಧ ಕೆಲಸ ಅಲ್ಲೇ ಇದೆ. ಅದು ಕಾಣಬೇಕಾದರೆ ದೊಡ್ಡ ಪರದೆಯೇ ಬೇಕು. ಈ ಸಿನಿಮಾಗಳಲ್ಲಿ ಹೆಚ್ಚಿನವನ್ನು ನಾನು ದುರ್ಗದ ಥಿಯೇಟರಿನಲ್ಲಿ ನೋಡಿದ ನೆನಪಿಲ್ಲ. ಪ್ರಶಸ್ತಿ ಬಂದ ಸುದ್ದಿ ಪೇಪರಿನಲ್ಲಿ ಓದಿ, ಆಮೇಲೆ ಯಾವಾಗಲೋ ಟೀವಿಯಲ್ಲಿ ಜಾಹೀರಾತುಗಳ ಮಧ್ಯೆ ನೋಡಿದ್ದು.

'ಯಾರು ಬರ್ತಾರೆ?' ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಒಂದು ಪುಟ್ಟ ಹಳ್ಳಿ. ಅಲ್ಲಿ ಪ್ರತಿ ವರ್ಷ ನಾಟಕೋತ್ಸವಕ್ಕೆ ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಾರೆ. ರಾತ್ರಿ ಚಳಿಯಲ್ಲಿ ಕೂತು ನೋಡುತ್ತಾರೆ. ಅಲ್ಲಿಂದ ಹೊರಡುವ ಶಿವಸಂಚಾರ ತಂಡ 1997ರಿಂದ ಊರೂರು ಸುತ್ತುತ್ತಿದೆ. ಅಲ್ಲಿ ಕಲಿತ ಹುಡುಗರು ಧಾರಾವಾಹಿ, ಸಿನಿಮಾಗಳಿಗೂ ಹೋಗಿದ್ದಾರೆ. ಹಳ್ಳಿಯಲ್ಲಿ ಆಗುವುದು ಜಿಲ್ಲಾ ಕೇಂದ್ರದಲ್ಲಿ ಆಗುವುದಿಲ್ಲ ಅಂದರೆ ಹೇಗೆ?

ಪಕ್ಕದ ದಾವಣಗೆರೆಯನ್ನೂ ನೋಡಿ. 1997ರವರೆಗೆ ನಮ್ಮ ಜಿಲ್ಲೆಯೇ ಆಗಿತ್ತು. ಅವರು ಚಿಂದೋಡಿ ಲೀಲಾ ಹೆಸರನ್ನು ಮರೆತಿಲ್ಲ. ಕಂಪನಿ ನಾಟಕದಿಂದ ಸಿನಿಮಾಕ್ಕೆ ಹೋಗಿ, ಮತ್ತೆ ಕಂಪನಿಯನ್ನೂ ಬಿಡದೆ ನಡೆಸಿ, 1988ರಲ್ಲಿ ಪದ್ಮಶ್ರೀ ಪಡೆದವರು ಆಕೆ. ಈಗ ಅಲ್ಲಿ ವೃತ್ತಿ ರಂಗಭೂಮಿಗೇ ಒಂದು ರಂಗಾಯಣ ಇದೆ. ನಾವು ರಂಗಾಯಣ ಕೇಳುತ್ತಿಲ್ಲ. ಮೂರು ದಿನ, ಒಂದು ಪರದೆ, ಒಳ್ಳೆಯ ಸೌಂಡು.

ದಿನ ಕೂಡ ಯೋಚಿಸಿದ್ದೇನೆ. ಏಪ್ರಿಲ್ 20 ಅವರ ಹುಟ್ಟುಹಬ್ಬ. ಆ ಹೊತ್ತಿಗೆ ಶಾಲೆಗಳಿಗೆ ಬೇಸಿಗೆ ರಜೆ. ದುರ್ಗದ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ, ಮಧ್ಯಾಹ್ನ ನಾಯಿಯೂ ರಸ್ತೆಗೆ ಇಳಿಯುವುದಿಲ್ಲ. ಹಾಗಾಗಿ ಬೆಳಿಗ್ಗೆ ಹತ್ತಕ್ಕೆ ಒಂದು, ಸಂಜೆ ಆರಕ್ಕೆ ಒಂದು ಶೋ ಸಾಕು. ಮೊದಲ ದಿನ ಬೆಳಿಗ್ಗೆ 'ಮುನ್ನುಡಿ', ಸಂಜೆ 'ಬೆಟ್ಟದ ಜೀವ'. ಎರಡನೆಯ ದಿನ ಬೆಳಿಗ್ಗೆ ಮಕ್ಕಳಿಗೆ 'ಮಿಷನ್ ಮಂಗಲ್', ಸಂಜೆ ಅಂಗಡಿ ಬಾಗಿಲು ಹಾಕಿ ಬರುವವರಿಗೆ ಸ್ವಲ್ಪ ತಡವಾಗಿ 'ಭಾರತ್ ಸ್ಟೋರ್ಸ್'. ಮೂರನೆಯ ದಿನ ಬೆಳಿಗ್ಗೆ 'ಮೌನಿ', ಸಂಜೆ ದತ್ತಣ್ಣನ ಜೊತೆ ಮಾತುಕತೆ. ಮಾತುಕತೆ ಮುಗಿದ ಮೇಲೆ 'ನೀರ್ ದೋಸೆ'. ಅದಕ್ಕೆ ಮಾತ್ರ ಮಕ್ಕಳನ್ನು ಮನೆಗೆ ಕಳಿಸಿಬಿಡಿ.

ಸಿನಿಮಾ ತೋರಿಸುವುದಕ್ಕೆ ನಿರ್ಮಾಪಕರ ಒಪ್ಪಿಗೆ ಬೇಕು. ಅದಕ್ಕೆ ನಿಮ್ಮ ಕಚೇರಿಯ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಹೋದರೆ ಕೆಲಸ ಬೇಗ ಆಗುತ್ತದೆ. ನಮ್ಮಂಥವರು ಕೇಳಿದರೆ 'ನೋಡೋಣ' ಅನ್ನುತ್ತಾರೆ. ಬೆಂಗಳೂರಿನಲ್ಲಿ ಕರ್ನಾಟಕ ಚಲನಚಿತ್ರ ಅಕಾಡೆಮಿ ಇದೆ, ಅವರ ಸಹಾಯವನ್ನೂ ಕೇಳಬಹುದು. ಶೇಷಾದ್ರಿ ಅವರನ್ನೂ ಕರೆಯಿರಿ. ಹೆದ್ದಾರಿಯಲ್ಲಿ 200 ಕಿಲೋಮೀಟರ್ ದಾರಿ. ಎಂಬತ್ತು ದಾಟಿದವರಿಗೆ ಒಳ್ಳೆಯ ಕಾರು ಕಳಿಸಬೇಕು, ದಾರಿಯಲ್ಲಿ ನಿಲ್ಲಿಸಿಕೊಂಡು ಬರುವಷ್ಟು ಸಮಯ ಕೊಡಬೇಕು. ಅವರ ಆರೋಗ್ಯ ಒಪ್ಪದಿದ್ದರೆ ಮಾತುಕತೆಯನ್ನು ಅವರ ಮನೆಯಿಂದಲೇ ವಿಡಿಯೊದಲ್ಲಿ ಮಾಡಬಹುದು.

ಇನ್ನೊಂದು ಕೆಲಸ ಆಕಾಶವಾಣಿ ಚಿತ್ರದುರ್ಗದವರು ಮಾಡಬಹುದು. ದತ್ತಣ್ಣ ಬಂದ ದಿನ ಎರಡು ಗಂಟೆ ಅವರನ್ನು ಸ್ಟುಡಿಯೊದಲ್ಲಿ ಕೂರಿಸಿ ಮಾತಾಡಿಸಲಿ. ಸಿನಿಮಾದ ಮಾತು ಕಮ್ಮಿ ಇದ್ದರೂ ಪರವಾಗಿಲ್ಲ. 1940, 50ರ ದಶಕದ ದುರ್ಗ ಹೇಗಿತ್ತು, ಶಾಲೆ ಎಲ್ಲಿ, ಯಾವ ಮೇಷ್ಟ್ರು ಹೊಡೆದರು, ಯಾವ ನಾಟಕ ನೋಡಿದರು, ಅಣ್ಣ ಸೋಮಣ್ಣನ ಜೊತೆ ಏನೇನು ಜಗಳ. ಇಂಥ ಧ್ವನಿ, ಇಂಥ ಉಚ್ಚಾರ ಇರುವವರ ಬಾಯಿಂದ ನಮ್ಮೂರಿನ ಕಥೆ ಕೇಳುವುದೇ ಒಂದು ಸುಖ.

ದುಡ್ಡಿನ ಮಾತು: ಪ್ರವೇಶ ಉಚಿತ ಬೇಡ. ಇಪ್ಪತ್ತು ರೂಪಾಯಿ ಟಿಕೆಟ್ ಇಡಿ. ದುಡ್ಡು ಕೊಟ್ಟು ಬಂದವನು ಮಧ್ಯದಲ್ಲಿ ಎದ್ದು ಹೋಗುವುದಿಲ್ಲ. ಪೋಸ್ಟರ್ ಅಂಟಿಸುವುದು, ಕಾಲೇಜುಗಳಿಗೆ ಹೋಗಿ ಹೇಳುವುದು, ಕುರ್ಚಿ ಜೋಡಿಸುವುದು, ಈ ಕೆಲಸಕ್ಕೆ ನಾನು ಮತ್ತು ಗೆಳೆಯರು ಸಿದ್ಧ. ನಮ್ಮ ಹೆಸರು ಆಹ್ವಾನ ಪತ್ರಿಕೆಯಲ್ಲಿ ಹಾಕುವುದು ಬೇಡ.

ಮಾತುಕತೆಯ ಸಂಜೆ ಮೈಕನ್ನು ವೇದಿಕೆ ಮೇಲೆ ಇಟ್ಟುಕೊಳ್ಳದೆ ಪ್ರೇಕ್ಷಕರ ಕೈಗೂ ಕೊಡಿ. ನನ್ನದೊಂದು ಪ್ರಶ್ನೆ ಈಗಲೇ ತಯಾರಿದೆ. 'ಸಾರ್, ಕರಾವಳಿಯವರಾದಿರಿ, ಸುಬ್ರಹ್ಮಣ್ಯದ ಕಾಡಿನವರಾದಿರಿ, ಹಿಂದಿಗೆ ಹೋಗಿ ಇಸ್ರೋದವರೂ ಆದಿರಿ. ನಮ್ಮ ದುರ್ಗದ ಮಾತಾಡುವ ಒಂದು ಪಾತ್ರ ಯಾರಾದರೂ ಕೊಟ್ಟರಾ?'

ನಿಮ್ಮ ಉತ್ತರಕ್ಕೆ ಕಾಯುತ್ತಾ,

ದುರ್ಗದ ಒಬ್ಬ ಪ್ರೇಕ್ಷಕ